ಎಡಪಕ್ಕೆ ಬಡಿದು ನೋಡಿದ್ರಾ ಡಾಕ್ಟ್ರೇ?

ಹಸು ಸುಸೂತ್ರವಾಗಿ ಕರು ಹಾಕಿರುತ್ತದೆ. ಸತ್ತೆ ಬಿದ್ದಿರುತ್ತದೆ, ಗಿಣ್ಣು ಅಕ್ಕಪಕ್ಕದ ಮನೆಗೆಲ್ಲ ಹಂಚಿ ಮುಗಿದಿರುತ್ತದೆ. ಹತ್ತು ಹನ್ನೆರಡು ದಿನ ಕಳೆಯುವಷ್ಟರಲ್ಲಿ ಅದು ಫೀಡು ಮೂಸಿ ಮುಖ ತಿರುಗಿಸುತ್ತದೆ. ಒಣಹುಲ್ಲು ಹಾಕಿದರೆ ನಾಲ್ಕು ಎಳೆ ಎಳೆದುಕೊಂಡು ಸುಮ್ಮನೆ ನಿಲ್ಲುತ್ತದೆ. ಹೊತ್ತಿಗೆ ಹತ್ತು ಲೀಟರ್ ಕೊಡುತ್ತಿದ್ದುದು ಐದಕ್ಕೆ, ಆಮೇಲೆ ಮೂರಕ್ಕೆ ಇಳಿಯುತ್ತದೆ. ಜ್ವರ ಇಲ್ಲ, ಕೆಚ್ಚಲು ಬಾವು ಇಲ್ಲ, ಎದ್ದು ಕಾಣುವಂಥ ಉಬ್ಬರವೂ ಇಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಎಚ್‌ಎಫ್ ಹಸು ಕಟ್ಟಿರುವವರಲ್ಲಿ ಅನೇಕರು ಇಂಥದ್ದೊಂದು ಹಸುವನ್ನು ನೋಡಿರುತ್ತಾರೆ, ಅದಕ್ಕೇನಾಗಿತ್ತು ಎಂದು ತಿಳಿಯದೆಯೇ ಕೊನೆಗೆ ಬಂದಷ್ಟಕ್ಕೆ ಮಾರಿಯೂ ಇರುತ್ತಾರೆ.

ಇಂಥ ಹೊತ್ತಿನಲ್ಲಿ ಸಲಹೆಗೆ ಬರವಿಲ್ಲ. "ದೃಷ್ಟಿ ಆಗದೆ ಕಣಣ್ಣ" ಅಂತ ಒಬ್ಬರು, "ಅಜೀರ್ಣ ಅಷ್ಟೆಯ, ಸೋಡಾ ಕುಡ್ಸು" ಅಂತ ಇನ್ನೊಬ್ಬರು. ಗೊಟ್ಟದಲ್ಲಿ ಎಣ್ಣೆ ಹೋಗುತ್ತದೆ, ಅಡುಗೆ ಸೋಡಾ ಹೋಗುತ್ತದೆ, ವೀಳ್ಯದೆಲೆ ಮೆಣಸು ಅರೆದದ್ದೂ ಹೋಗುತ್ತದೆ. ಯಾರೋ ಬಂದು ಡೆಕ್ಸ್‌ಟ್ರೋಸ್ ಬಾಟ್ಲಿ ಏರಿಸಿದರೆ ಹಸು ಎರಡು ದಿನ ಚುರುಕಾಗುತ್ತದೆ, ಮೂರನೆಯ ದಿನ ಮತ್ತೆ ಅದೇ ಪಾಡು. ಬಾಟ್ಲಿ ಹಾಕಿದಾಗ ಏಳುವುದು, ಬಿಟ್ಟಾಗ ಕುಸಿಯುವುದು ಒಂದಕ್ಕಿಂತ ಹೆಚ್ಚು ಸಲ ಆಯಿತೆಂದರೆ ಅನುಮಾನ ಪಡಬೇಕಾದ್ದು ಹೊಟ್ಟೆಯ ಜಾಗವನ್ನೇ. ಹಸುವಿನ ನಾಲ್ಕನೆಯ ಹೊಟ್ಟೆ ಇದ್ದಲ್ಲಿಂದ ಎದ್ದು ಬೇರೆ ಕಡೆ ಹೋಗಿ ಸಿಕ್ಕಿಕೊಂಡಿರುತ್ತದೆ.

ಹಸುವಿಗೆ ನಾಲ್ಕು ಹೊಟ್ಟೆ ಎಂದು ಶಾಲೆಯಲ್ಲಿ ಓದಿದ್ದೇವೆ. ಎಡಭಾಗವನ್ನೆಲ್ಲ ತುಂಬಿಕೊಂಡಿರುವುದು ರೂಮೆನ್ ಎಂಬ ದೊಡ್ಡ ಹೊಟ್ಟೆ, ಬೆಳೆದ ಎಚ್‌ಎಫ್ ಹಸುವಿನಲ್ಲಿ ಅದು ನೂರು ಲೀಟರಿಗೂ ಮೇಲೆ ಹಿಡಿಸುತ್ತದೆ. ನಾಲ್ಕನೆಯದು ಅಬೊಮೇಸಮ್. ಮನುಷ್ಯರ ಜಠರದ ಹಾಗೆ ಆಮ್ಲ ಸುರಿಸಿ ಮೇವನ್ನು ಅರಗಿಸುವುದು ಇದೊಂದೇ. ಇದರ ಜಾಗ ಹೊಟ್ಟೆಯ ತಳದಲ್ಲಿ, ಸ್ವಲ್ಪ ಬಲಕ್ಕೆ. ಇದನ್ನು ಬಿಗಿಯಾಗಿ ಹಿಡಿದಿಡುವ ಕಟ್ಟು ಯಾವುದೂ ಇಲ್ಲ. ಒಮೆಂಟಮ್ ಎಂಬ ಕೊಬ್ಬಿನ ಪೊರೆಗೆ ಅಂಟಿಕೊಂಡು ತೂಗುತ್ತಿರುತ್ತದೆ. ತುಂಬಿದ ಗಬ್ಬದಲ್ಲಿ ಗರ್ಭಕೋಶ ದೊಡ್ಡ ಹೊಟ್ಟೆಯನ್ನು ಮೇಲಕ್ಕೆತ್ತಿ, ಅಬೊಮೇಸಮ್ಮನ್ನು ಮುಂದಕ್ಕೂ ಎಡಕ್ಕೂ ತಳ್ಳಿರುತ್ತದೆ. ಕರು ಹೊರಬಂದ ಮೇಲೆ ಅಷ್ಟೂ ಜಾಗ ಖಾಲಿ. ದೊಡ್ಡ ಹೊಟ್ಟೆ ಮೇವಿನಿಂದ ತುಂಬಿದ್ದರೆ ಮತ್ತೆ ಕೆಳಗೆ ಕೂತು ದಾರಿ ಮುಚ್ಚುತ್ತದೆ. ತುಂಬದಿದ್ದರೆ, ಗ್ಯಾಸು ಹಿಡಿದ ಅಬೊಮೇಸಮ್ ದೊಡ್ಡ ಹೊಟ್ಟೆಯ ಅಡಿಯಿಂದ ನುಸುಳಿ ಎಡಪಕ್ಕೆಯ ಗೋಡೆಗುಂಟ ಮೇಲೇರುತ್ತದೆ. ಹತ್ತರಲ್ಲಿ ಎಂಟು ಪ್ರಕರಣಗಳಿಗೂ ಹೆಚ್ಚು ಹೀಗೆ ಎಡಕ್ಕೇ ಆಗುವುದು. ಅದೂ ಬಹುಪಾಲು ಕರು ಹಾಕಿದ ಮೊದಲ ಒಂದು ತಿಂಗಳೊಳಗೆ.

ಬಲಕ್ಕೆ ಆಗುವುದು ಕಡಿಮೆ. ಆದರೆ ಆದಾಗ ಅದು ತನ್ನನ್ನು ತಾನೇ ಸುತ್ತಿಕೊಂಡು ರಕ್ತ ಹರಿಯುವುದನ್ನೇ ನಿಲ್ಲಿಸಿಬಿಡಬಹುದು. ಜನ "ಹೊಟ್ಟೆ ತಿರುಚಿಕೊಂಡಿದೆ" ಎನ್ನುವುದು ಎರಡಕ್ಕೂ. ವೈದ್ಯರ ಲೆಕ್ಕದಲ್ಲಿ ಮಾತ್ರ ಎಡದ್ದು ವಾರಗಟ್ಟಲೆ ಕಾಡುವ ಕಾಯಿಲೆ, ಬಲಕ್ಕೆ ತಿರುಚಿದ್ದು ಗಂಟೆಗಳ ವಿಚಾರ.

ಹಳ್ಳಿಕಾರ್ ಸಾಕಿದ ನಮ್ಮ ತಾತಂದಿರಿಗೆ ಈ ರೋಗದ ಪರಿಚಯ ಇರಲಿಕ್ಕಿಲ್ಲ. ನಾಟಿ ಹಸುಗಳಲ್ಲಿ ಇದು ಅಪರೂಪ. ಬ್ರಿಟನ್ನಿನ ಪಶುವೈದ್ಯರು ಇದರ ಬಗ್ಗೆ ಬರೆಯತೊಡಗಿದ್ದೂ 1950ರ ಸುಮಾರಿಗೆ, ಹಾಲಿನ ತಳಿಗಳನ್ನು ದೊಡ್ಡ ಮೈಕಟ್ಟಿಗೂ ದೊಡ್ಡ ಕೆಚ್ಚಲಿಗೂ ಆರಿಸಿ ಬೆಳೆಸಿ, ಕಾಳು ಹಿಂಡಿ ಹೆಚ್ಚಾಗಿ ತಿನ್ನಿಸತೊಡಗಿದ ಕಾಲದಲ್ಲಿ. ಆಳವಾದ ಎದೆಗೂಡು, ಹೆಚ್ಚು ಹಾಲು, ಹೆಚ್ಚು ದಾಣಿ ಈ ಮೂರೂ ಸೇರಿದ ಕಡೆ ಇದೂ ಇರುತ್ತದೆ. ಹಾಗಂತ ಎಚ್‌ಎಫ್ ಬಿಟ್ಟು ನಾಟಿಗೆ ವಾಪಸ್ ಹೋಗಿ ಎಂದು ವೇದಿಕೆಯ ಮೇಲೆ ಹೇಳುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ. ಗೆಜ್ಜಲಗೆರೆಯ ಡೈರಿಗೆ ಹೋಗುವ ಹಾಲಿನ ಬಟವಾಡೆ ನಂಬಿಕೊಂಡು ಮಕ್ಕಳ ಫೀಸು ಕಟ್ಟುವ ಹೆಂಗಸರಿಗೆ ಆ ಮಾತು ಹೇಳಿ ನೋಡಲಿ.

ನಮ್ಮ ಜಿಲ್ಲೆಗೆ ಇದರಲ್ಲಿ ಇನ್ನೊಂದು ತೊಡಕಿದೆ. ವಿ.ಸಿ. ನಾಲೆಯ ನೀರು ಹರಿಯುವಲ್ಲೆಲ್ಲ ಭತ್ತ, ಕಬ್ಬು. ಹಾಗಾಗಿ ಕೊಟ್ಟಿಗೆಯ ಮೇವು ಎಂದರೆ ಭತ್ತದ ಹುಲ್ಲು, ಕಬ್ಬು ಕಡಿಯುವ ಕಾಲದಲ್ಲಿ ಸೋಗೆ. ಎರಡರಲ್ಲೂ ಆಕ್ಸಲೇಟ್ ಇದೆ, ಅದು ಮೇವಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಮೈಗೆ ಹತ್ತಗೊಡುವುದಿಲ್ಲ. ಕರು ಹಾಕಿದ ಹಸುವಿನ ಕ್ಯಾಲ್ಸಿಯಂ ಹೇಗೂ ಗಿಣ್ಣಿನ ಜೊತೆ ಕೆಚ್ಚಲಿಗೆ ಇಳಿದಿರುತ್ತದೆ. ನೆಲ ಹಿಡಿದು ಮಲಗಿದರೆ ಹಾಲು ಜ್ವರ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಕ್ಯಾಲ್ಸಿಯಂ ಬಾಟ್ಲಿ ಏರುತ್ತದೆ. ಮಲಗುವಷ್ಟು ಕಡಿಮೆಯಾಗದೆ, ಒಳಗೊಳಗೇ ಕಡಿಮೆಯಾದರೆ ಹೊರಗೇನೂ ಕಾಣದು. ಹೊಟ್ಟೆಯ ಸ್ನಾಯು ಮಾತ್ರ ಸಡಿಲಾಗಿರುತ್ತದೆ. ಅರಗಿದ್ದು ಮುಂದಕ್ಕೆ ಸಾಗದೆ, ಗ್ಯಾಸು ಹೊರಹೋಗದೆ ನಿಲ್ಲುತ್ತದೆ. ಅದೇ ವಾರದಲ್ಲಿ ಬಾಣಂತಿ ಹಸು ಎಂಬ ಅಕ್ಕರೆಯಿಂದ ಮೆಕ್ಕೆಜೋಳದ ನುಚ್ಚು, ಅಕ್ಕಿ ಗಂಜಿ, ಬೆಲ್ಲ, ಮದುವೆ ಮನೆಯಲ್ಲಿ ಉಳಿದ ಅನ್ನ ಎಲ್ಲವನ್ನೂ ಬಕೆಟ್ಟುಗಟ್ಟಲೆ ಇಟ್ಟರಂತೂ ಮುಗಿಯಿತು. ನಾರಿನ ಮೇವು ಕಡಿಮೆಯಾಗಿ ಹಿಟ್ಟಿನ ಅಂಶ ಜಾಸ್ತಿಯಾದಷ್ಟೂ ದೊಡ್ಡ ಹೊಟ್ಟೆಯಲ್ಲಿ ಹುಟ್ಟುವ ಆಮ್ಲಗಳು ಕೆಳಗಿಳಿದು ನಾಲ್ಕನೆಯ ಹೊಟ್ಟೆಯ ಚಲನೆಯನ್ನು ಇನ್ನಷ್ಟು ಮಂದ ಮಾಡುತ್ತವೆ.

ಇಷ್ಟು ಗೊತ್ತಿದ್ದರೆ ಪತ್ತೆ ಹಚ್ಚುವುದು ಕಷ್ಟದ ಕೆಲಸವಲ್ಲ. ಬೇಕಾಗಿರುವುದು ಒಂದು ಸ್ಟೆತಸ್ಕೋಪು, ಒಂದು ಬೆರಳು, ಗದ್ದಲವಿಲ್ಲದ ಐದು ನಿಮಿಷ. ಹಸುವಿನ ಸೊಂಟದ ಮೂಳೆಯ ತುದಿಯಿಂದ ಮುಂಗಾಲಿನ ಮೊಣಕೈವರೆಗೆ ಒಂದು ಗೆರೆ ಎಳೆದಂತೆ ಅಂದಾಜು ಮಾಡಿಕೊಳ್ಳಬೇಕು. ಹಸುವಿಗೆ ಪಕ್ಕೆಗೆ ಹದಿಮೂರರಂತೆ ಎಲುಬು. ಆ ಗೆರೆಯ ಆಸುಪಾಸಿನಲ್ಲಿ, ಒಂಬತ್ತನೆಯ ಎಲುಬಿನಿಂದ ಹದಿಮೂರನೆಯದರವರೆಗೆ ಸ್ಟೆತಸ್ಕೋಪ್ ಒತ್ತಿ ಹಿಡಿದು, ಅದರ ಪಕ್ಕದಲ್ಲೇ ಇನ್ನೊಂದು ಕೈಯ ಬೆರಳಿನಿಂದ ಗಟ್ಟಿಯಾಗಿ ಮಿಡಿಯಬೇಕು. ಸರಿ ಇರುವ ಹಸುವಿನಲ್ಲಿ ಡಬ್ ಡಬ್ ಎಂಬ ಮಂಕು ಸದ್ದು. ಅಬೊಮೇಸಮ್ ಅಲ್ಲಿಗೆ ಬಂದು ಕೂತಿದ್ದರೆ ಬರಿದಾದ ಸ್ಟೀಲ್ ಬಿಂದಿಗೆಗೆ ಬೆರಳು ತಾಗಿಸಿದ ಹಾಗೆ ಠಣ್ ಎನ್ನುತ್ತದೆ. ಪಶುವೈದ್ಯರು ಇದನ್ನು ಪಿಂಗ್ ಎನ್ನುತ್ತಾರೆ. ಒಮ್ಮೆ ಕೇಳಿದ ಕಿವಿ ಅದನ್ನು ಮರೆಯುವುದಿಲ್ಲ. ಹಸುವಿನ ಹೊಟ್ಟೆಯನ್ನು ಮುಷ್ಟಿಯಿಂದ ನೂಕಿ ನೂಕಿ ಬಿಟ್ಟರೆ ಅದೇ ಜಾಗದಲ್ಲಿ ನೀರು ಕುಲುಕಿದ ಸದ್ದೂ ಕೇಳಬಹುದು.

ಸದ್ದು ಕೇಳಿಸಿತೆಂದು ಆ ಕ್ಷಣಕ್ಕೇ ಚಾಕು ಹಿಡಿಯುವಂತಿಲ್ಲ. ಮೇವು ಬಿಟ್ಟ ಹಸುವಿನ ದೊಡ್ಡ ಹೊಟ್ಟೆ ಖಾಲಿಯಾಗಿ, ಮೇಲ್ಭಾಗದಲ್ಲಿ ಗ್ಯಾಸು ನಿಂತಿದ್ದರೂ ಎಡಗಡೆ ಸದ್ದು ಬರುತ್ತದೆ. ಬಲಗಡೆ ಕುರುಡುಗರುಳು ಊದಿಕೊಂಡರೂ ಬರುತ್ತದೆ. ಗೊಂದಲವಾದರೆ, ಠಣ್ ಎನ್ನುವ ಜಾಗಕ್ಕಿಂತ ತುಸು ಕೆಳಗೆ ಉದ್ದನೆಯ ಸೂಜಿ ಇಳಿಸಿ ಒಂದಿಷ್ಟು ದ್ರವ ಎಳೆದು, ಪಿಎಚ್ ಕಾಗದಕ್ಕೆ ಬಿಟ್ಟು ನೋಡುತ್ತಾರೆ. 3.5ಕ್ಕಿಂತ ಕಡಿಮೆ ಬಂದರೆ ಅದು ಆಮ್ಲ ಸುರಿಸುವ ನಾಲ್ಕನೆಯ ಹೊಟ್ಟೆಯದೇ. ದೊಡ್ಡ ಹೊಟ್ಟೆಯ ದ್ರವ ಅಷ್ಟು ಹುಳಿ ಇರುವುದಿಲ್ಲ, ಸೂಕ್ಷ್ಮದರ್ಶಕದಲ್ಲಿ ಅದರ ತುಂಬ ಓಡಾಡುವ ಪ್ರೊಟೊಜೋವ ಕಾಣುತ್ತವೆ. ಗುದದ್ವಾರದಿಂದ ಕೈಹಾಕಿ ನೋಡಿದರೆ ದೊಡ್ಡ ಹೊಟ್ಟೆ ಎಡಗೋಡೆ ಬಿಟ್ಟು ಒಳಸರಿದಿರುವುದು ತಿಳಿಯುತ್ತದೆ. ತಂತಿ, ಮೊಳೆ ನುಂಗಿದ ಹಸುವೂ ಹೀಗೇ ಮೇವು ಬಿಡುತ್ತದೆ, ಅದನ್ನೂ ತಳ್ಳಿಹಾಕಬೇಕು. ಇನ್ನೊಂದು ಪೀಕಲಾಟವೆಂದರೆ ಈ ಹೊಟ್ಟೆ ಇವತ್ತು ಮೇಲೆ ತೇಲಿ ನಾಳೆ ಕೆಳಗಿಳಿದಿರಬಹುದು. ಮೊದಲ ದಿನ ಸದ್ದಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲ ಎನ್ನಲಾಗದು. ಮಾರನೆಯ ದಿನ ಮತ್ತೆ ಬಡಿದು ನೋಡಬೇಕು.

ಕೀಟೋಸಿಸ್ ಎಂಬ ಇನ್ನೊಂದು ಕಾಯಿಲೆ ಇದಕ್ಕೆ ಮರೆ ಕಟ್ಟುತ್ತದೆ. ತಿನ್ನದ ಹಸು ಮೈಕೊಬ್ಬು ಕರಗಿಸುತ್ತದೆ, ಉಚ್ಚೆಯಲ್ಲಿ ಕೀಟೋನ್ ಹೋಗುತ್ತದೆ, ರೊಥೆರಾ ಪರೀಕ್ಷೆಯ ಪುಡಿ ನೇರಳೆಗೆ ತಿರುಗುತ್ತದೆ. "ಕೀಟೋಸಿಸ್ ಇದೆ" ಎಂಬುದು ಸತ್ಯವೇ, ಆದರೆ ಅರ್ಧ ಸತ್ಯ. ಡೆಕ್ಸ್‌ಟ್ರೋಸಿಗೆ ಎರಡು ದಿನ ಏಳುವ ಹಸುವಿನ ಗುಟ್ಟು ಇದೇ: ಮೇಲಿನ ಕಾಯಿಲೆಗೆ ಔಷಧ ಬಿತ್ತು, ಕೆಳಗಿನದು ಹಾಗೇ ಉಳಿಯಿತು. ಕೀಟೋಸಿಸ್ ಸಿಕ್ಕಿತೆಂದು ವೈದ್ಯರು ಸ್ಟೆತಸ್ಕೋಪ್ ಮಡಚಿಟ್ಟುಬಿಟ್ಟರೆ ಇಡೀ ತಿಂಗಳು ಹೋದಂತೆ.

ಅಡುಗೆ ಸೋಡಾದ ವಿಷಯವನ್ನು ಒತ್ತಿ ಹೇಳಲೇಬೇಕು. ಅನ್ನವೋ ನುಚ್ಚೋ ಹೆಚ್ಚಾಗಿ ತಿಂದು ದೊಡ್ಡ ಹೊಟ್ಟೆ ಹುಳಿಯಾದಾಗ ಸೋಡಾ ಕೊಡುವುದಕ್ಕೆ ಅರ್ಥವಿದೆ. ಇಲ್ಲಿ ನಡೆಯುವುದು ತಿರುವುಮುರುವು. ನಾಲ್ಕನೆಯ ಹೊಟ್ಟೆ ಆಮ್ಲವನ್ನು ಸುರಿಸುತ್ತಲೇ ಇರುತ್ತದೆ, ಅದು ಕರುಳಿಗಿಳಿದು ರಕ್ತಕ್ಕೆ ಮರಳದೆ ಅಲ್ಲೇ ಕಟ್ಟಿಕೊಳ್ಳುತ್ತದೆ. ರಕ್ತದಲ್ಲಿ ಕ್ಲೋರೈಡ್, ಪೊಟ್ಯಾಸಿಯಂ ಇಳಿಯುತ್ತವೆ, ರಕ್ತ ಕ್ಷಾರವಾಗುತ್ತದೆ. ಅಂಥ ಹಸುವಿಗೆ ಸೋಡಾ ಕುಡಿಸುವುದೆಂದರೆ ಕ್ಷಾರದ ಮೇಲೆ ಕ್ಷಾರ. ಇದಕ್ಕೆ ಬೇಕಾದ್ದು ನಾರ್ಮಲ್ ಸಲೈನ್, ಪೊಟ್ಯಾಸಿಯಂ ಕ್ಲೋರೈಡ್, ಕ್ಯಾಲ್ಸಿಯಂ.

ಬಲಗಡೆ ತಿರುಚಿಕೊಂಡದ್ದರ ಚಿತ್ರ ಬೇರೆಯೇ. ನಿನ್ನೆ ಸರಿ ಇದ್ದ ಹಸು ಇವತ್ತು ಕಣ್ಣು ಗುಳಿಬಿದ್ದು ನಿಂತಿರುತ್ತದೆ, ಕಿವಿ ತಣ್ಣಗಿರುತ್ತದೆ, ನಾಡಿ ನಿಮಿಷಕ್ಕೆ ನೂರು ದಾಟಿರುತ್ತದೆ, ಸಗಣಿ ನಿಂತೇ ಹೋಗಿರುತ್ತದೆ. ಬಲಹೊಟ್ಟೆ ಊದಿ ಅಷ್ಟಗಲಕ್ಕೂ ಠಣ್ ಎನ್ನುತ್ತದೆ. ಬೆಳಿಗ್ಗೆ ನೋಡೋಣ ಎನ್ನುವ ಮಾತೇ ಇಲ್ಲ. ಅದೇ ರಾತ್ರಿ ಹೊಟ್ಟೆ ತೆರೆದು ಸುರುಳಿ ಬಿಚ್ಚಿದರೆ ಉಂಟು, ಇಲ್ಲದಿದ್ದರೆ ಇಲ್ಲ. ತಡವಾಗಿ ತೆರೆದಾಗ ಹೊಟ್ಟೆಯ ಗೋಡೆ ಕಪ್ಪಿಟ್ಟಿದ್ದರೆ ಹೊಲಿದೂ ಪ್ರಯೋಜನವಿಲ್ಲ.

ಎಡದ್ದಕ್ಕೆ ಚಾಕು ಮುಟ್ಟಿಸದ ಒಂದು ಉಪಾಯವಿದೆ. ಹಸುವನ್ನು ಹಗ್ಗ ಹಾಕಿ ಬಲಮಗ್ಗುಲಿಗೆ ಕೆಡವಿ, ಬೆನ್ನ ಮೇಲೆ ಮಲಗಿಸಿ ಅತ್ತಿತ್ತ ತೂಗಿ, ಎಡಮಗ್ಗುಲಿಗೆ ಉರುಳಿಸಿ ಎಬ್ಬಿಸುವುದು. ಗ್ಯಾಸು ತುಂಬಿದ ಹೊಟ್ಟೆ ತೇಲಿ ತನ್ನ ಜಾಗಕ್ಕೆ ಬರುತ್ತದೆ. ನಾಲ್ಕು ಜನ ಗಟ್ಟಿ ಆಳು ಇದ್ದರೆ ಖರ್ಚಿಲ್ಲದ ಕೆಲಸ. ಆದರೆ ಅರ್ಧಕ್ಕಿಂತ ಹೆಚ್ಚು ಹಸುಗಳಲ್ಲಿ ಕೆಲವೇ ದಿನಗಳಲ್ಲಿ ಅದು ಮತ್ತೆ ಮೇಲೇರುತ್ತದೆ. ಬಲಗಡೆಯದ್ದಕ್ಕೆ ಈ ಉರುಳಾಟ ಮಾಡಲೇಬಾರದು, ಸರಿದಿದ್ದದ್ದು ಪೂರ್ತಿ ತಿರುಚಿಕೊಳ್ಳುತ್ತದೆ. ಬೆನ್ನ ಮೇಲೆ ಮಲಗಿಸಿದಾಗಲೇ ಹೊರಗಿನಿಂದ ಚುಚ್ಚಿ ದಾರದ ಗುಬ್ಬಿಯಿಂದ ಬಿಗಿಯುವ ವಿಧಾನ 1982ರಿಂದ ಇದೆ. ಕಡಿಮೆ ಖರ್ಚು, ಆದರೆ ಕಣ್ಣಿಗೆ ಕಾಣದೆ ಮಾಡುವ ಕೆಲಸ. ಬೇರೆ ಅಂಗಕ್ಕೆ ಚುಚ್ಚಿದರೆ ಕಥೆ ಮುಗಿಯಿತು.

ನಮ್ಮ ಕೊಟ್ಟಿಗೆಗಳಿಗೆ ಹೊಂದುವುದು ಹಸುವನ್ನು ನಿಲ್ಲಿಸಿಕೊಂಡೇ ಬಲಪಕ್ಕೆ ತೆರೆದು ಮಾಡುವ ಶಸ್ತ್ರಚಿಕಿತ್ಸೆ. ಜರ್ಮನಿಯ ಹ್ಯಾನೋವರಿನಲ್ಲಿ ಡಿರ್ಕ್‌ಸನ್ 1967ರಲ್ಲಿ ಇದನ್ನು ವಿವರಿಸಿದರು, ಅದಕ್ಕೇ ಹ್ಯಾನೋವರ್ ವಿಧಾನ ಎಂಬ ಹೆಸರು. ಪೂರ್ತಿ ಅರಿವಳಿಕೆ ಬೇಡ. ಬಲಪಕ್ಕೆಯ ಕುಣಿಯ ಕೂದಲು ಬೋಳಿಸಿ, ಸೋಪು ಅಯೋಡಿನ್ ಹಾಕಿ ಉಜ್ಜಿ, ಲಿಗ್ನೋಕೇನನ್ನು ತಲೆಕೆಳಗಾದ ಎಲ್ ಅಕ್ಷರದ ಆಕಾರದಲ್ಲಿ ಚುಚ್ಚುತ್ತಾ ಹೋಗುತ್ತಾರೆ. ಮಂಪರಿನ ಔಷಧಕ್ಕೆ ಅನುಭವಿಗಳು ಹಿಂದೆಮುಂದೆ ನೋಡುತ್ತಾರೆ. ಕುದುರೆಗೆ ಕೊಡುವ ಜೈಲಜೀನಿನ ಹತ್ತನೇ ಒಂದು ಪಾಲಿಗೇ ಹಸು ಮಂಕಾಗುತ್ತದೆ. ಹೊಟ್ಟೆ ತೆರೆದಿರುವಾಗ ಅದು ಕುಸಿದು ಕೂತರೆ ಎಲ್ಲರ ಗತಿ ಏನು?

ಗೇಣುದ್ದ ಕೊಯ್ದು, ಚರ್ಮ, ಸ್ನಾಯುವಿನ ಪದರಗಳು, ಒಳಪೊರೆ ದಾಟಿದ ಮೇಲೆ ವೈದ್ಯರು ಭುಜದವರೆಗೆ ಗ್ಲೌಸ್ ತೊಟ್ಟ ಎಡಗೈಯನ್ನು ಒಳಗೆ ಬಿಡುತ್ತಾರೆ. ಕೈ ದೊಡ್ಡ ಹೊಟ್ಟೆಯ ಹಿಂಬದಿಯಿಂದ ಬಳಸಿ ಎಡಗೋಡೆಯವರೆಗೆ ಹೋಗಬೇಕು. ದೊಡ್ಡ ಹಸು, ಗಿಡ್ಡ ಕೈ ಆದರೆ ಕೆನ್ನೆ ಹಸುವಿನ ಪಕ್ಕೆಗೆ ಒತ್ತಿಕೊಂಡಿರುತ್ತದೆ. ಬೆರಳಿಗೆ ಬಿಗಿದ ಬೆಲೂನಿನಂಥದ್ದೊಂದು ತಾಕುತ್ತದೆ. ರಬ್ಬರ್ ಟ್ಯೂಬ್ ಕಟ್ಟಿದ ಸೂಜಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಒಯ್ದು ಅದರ ನೆತ್ತಿಗೆ ಚುಚ್ಚಿದರೆ, ಟ್ಯೂಬಿನ ಹೊರತುದಿಯಿಂದ ಬುಸ್ ಎಂದು ಗ್ಯಾಸು ಬರುತ್ತದೆ. ಹುಳಿ ನಾತಕ್ಕೆ ಹಗ್ಗ ಹಿಡಿದವರು ಮುಖ ತಿರುಗಿಸುತ್ತಾರೆ. ಗ್ಯಾಸು ಹೋದ ಹೊಟ್ಟೆ ತಾನಾಗಿ ಕೆಳಗಿಳಿಯುತ್ತದೆ. ಆಮೇಲೆ ಕೈಯನ್ನು ಅಡಿಯಿಂದ ಹಾಕಿ ಒಮೆಂಟಮ್ಮನ್ನು ನಿಧಾನವಾಗಿ ಎಳೆಯುತ್ತಾ ಬಂದರೆ, ಹೊಟ್ಟೆ ಕರುಳಿಗೆ ಸೇರುವ ಜಾಗದ ಹತ್ತಿರ ಕೊಬ್ಬು ದಪ್ಪಗೆ ಮಡಿಚಿಕೊಂಡ ಒಂದು ತುಣುಕು ಸಿಗುತ್ತದೆ. ಅದಕ್ಕೆ ಹಂದಿಕಿವಿ ಎಂದೇ ಹೆಸರು. ಅದು ಕೊಯ್ತದ ಬಾಯಿಗೆ ಬಂತೆಂದರೆ ಹೊಟ್ಟೆ ತನ್ನ ಜಾಗದಲ್ಲಿದೆ ಎಂದರ್ಥ. ಆ ಪೊರೆಯನ್ನು ಪಕ್ಕೆಯ ಒಳಗೋಡೆಗೆ ಸೇರಿಸಿ ದಪ್ಪ ದಾರದಿಂದ ಹೊಲಿದುಬಿಟ್ಟರೆ ಹೊಟ್ಟೆ ಇನ್ನು ತೇಲಿ ಹೋಗದು. ಪದರ ಪದರವಾಗಿ ಮುಚ್ಚುತ್ತಾ ಬಂದು ಚರ್ಮಕ್ಕೆ ಹೊಲಿಗೆ ಹಾಕುವ ಹೊತ್ತಿಗೆ ಕೆಲವು ಹಸುಗಳು ಎದುರಿಗಿಟ್ಟ ಹುಲ್ಲಿಗೆ ಬಾಯಿ ಹಾಕಿರುತ್ತವೆ.

ಎಡಗಡೆಯದ್ದನ್ನು ಬೇಗ ಹಿಡಿದು, ಬೇರೆ ಕಾಯಿಲೆ ಸೇರಿಕೊಳ್ಳುವ ಮೊದಲೇ ಹೀಗೆ ಹೊಲಿದರೆ ಹತ್ತರಲ್ಲಿ ಎಂಟಕ್ಕಿಂತ ಕಡಿಮೆಯಿಲ್ಲದೆ ಹಸುಗಳು ಹಾಲಿಗೆ ಮರಳುತ್ತವೆ. ಲಿವರಿಗೆ ಕೊಬ್ಬು ಸೇರಿ, ಗರ್ಭಕೋಶ ಕೀವಾಗಿ, ಎಲುಬು ಎದ್ದ ಮೇಲೆ ಮಾಡಿದ ಅದೇ ಶಸ್ತ್ರಚಿಕಿತ್ಸೆಗೆ ಆ ಮಾತು ಹೇಳಲಾಗದು. ಆಪರೇಷನ್ ಆದ ಮೇಲೆ ಕೆಲವು ದಿನ ಆಂಟಿಬಯಾಟಿಕ್, ನೊಣ ಕೂರದಂತೆ ಗಾಯದ ಆರೈಕೆ, ಎರಡು ವಾರದೊಳಗೆ ಹೊಲಿಗೆ ಬಿಚ್ಚುವುದು. ಫೀಡನ್ನು ಮಾತ್ರ ದಿನಕ್ಕಿಷ್ಟಿಷ್ಟೇ ಏರಿಸಬೇಕು. ಆಂಟಿಬಯಾಟಿಕ್ ನಡೆಯುವಷ್ಟು ದಿನ, ಚೀಟಿಯಲ್ಲಿ ಬರೆದ ಗಡುವು ಮುಗಿಯುವವರೆಗೆ ಆ ಹಾಲನ್ನು ಡೈರಿ ಕ್ಯಾನಿಗೆ ಸುರಿಯಬೇಡಿ.

ಪರದೇಶದ ಪುಸ್ತಕಗಳು ಈ ರೋಗದ ಅಧ್ಯಾಯದಲ್ಲಿ ಒಂದು ಲೆಕ್ಕ ಹಾಕುತ್ತವೆ: ಆಪರೇಷನ್ನಿಗೆ ಇಷ್ಟು ಖರ್ಚು, ಕಸಾಯಿಖಾನೆಗೆ ಕಳಿಸಿದರೆ ಇಷ್ಟು ಹಣ, ಯಾವುದು ಲಾಭ ನೋಡಿ. ನಮ್ಮಲ್ಲಿ 2021ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪ್ರಕಾರ ಹಸುವಿಗೆ ಎರಡನೆಯ ದಾರಿಯೇ ಇಲ್ಲ. ಉಳಿಯುವುದು ದಲ್ಲಾಳಿ. ಎಂಬತ್ತು ಸಾವಿರ, ಲಕ್ಷ ಕೊಟ್ಟು ತಂದ ಹಸುವಿಗೆ ಅವನು ಕೊಡುವುದೇನು ಎಂಬುದು ಸಂತೆ ನೋಡಿದವರಿಗೆ ಗೊತ್ತು. ಹೀಗಿರುವಾಗ ಕಾಯ್ದೆ ತಂದವರ ಮೇಲೆ ಒಂದು ಹೊಣೆಯಿದೆ: ಬದುಕಿಸಲೇಬೇಕೆಂದ ಮೇಲೆ ಬದುಕಿಸುವ ಕೈಗಳನ್ನೂ ಕೊಡಬೇಕು. ಸಿಸೇರಿಯನ್ ಮಾಡುವ, ದೊಡ್ಡ ಹೊಟ್ಟೆ ಸೀಳಿ ಪ್ಲಾಸ್ಟಿಕ್ ತೆಗೆಯುವ ಪಶುವೈದ್ಯರು ನಮ್ಮ ತಾಲ್ಲೂಕುಗಳಲ್ಲೇ ಇದ್ದಾರೆ. ಅವರಿಗೆ ಈ ಹೊಲಿಗೆ ಬಾರದ ವಿದ್ಯೆಯೇನಲ್ಲ. ಆದರೆ ಒಬ್ಬರೇ ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತಾ, ಸೆಮೆನ್ ಕೊಡುತ್ತಾ, ಸಭೆಗೆ ಹೋಗುತ್ತಾ, ಸಹಾಯಕರಿಲ್ಲದೆ ಒಂದೂವರೆ ಗಂಟೆಯ ಶಸ್ತ್ರಚಿಕಿತ್ಸೆಗೆ ನಿಲ್ಲುವುದು ಹೇಗೆ? ಜಿಲ್ಲಾ ಕೇಂದ್ರದ ಪಾಲಿಕ್ಲಿನಿಕ್ಕಿಗೆ, ಹಾಸನದ ಪಶುವೈದ್ಯ ಕಾಲೇಜಿಗೆ, 1958ರಿಂದ ಇರುವ ಹೆಬ್ಬಾಳದ ಕಾಲೇಜಿಗೆ ಕಳಿಸಬಹುದು ನಿಜ. ಮದ್ದೂರಿನಿಂದ ಹೆಬ್ಬಾಳ ಸುಮಾರು ನೂರು ಕಿಲೋಮೀಟರ್. ನಿತ್ರಾಣವಾದ ಹಸುವನ್ನು ಟೆಂಪೋದಲ್ಲಿ ಅಷ್ಟು ದೂರ ನಿಲ್ಲಿಸಿಕೊಂಡು ಹೋಗುವ ಪಾಡು ಹೋದವರನ್ನು ಕೇಳಬೇಕು. ತಾಲ್ಲೂಕಿಗೊಂದು ಶಸ್ತ್ರಚಿಕಿತ್ಸೆಯ ತಂಡವನ್ನು ಪಶುಪಾಲನಾ ಇಲಾಖೆ ಮತ್ತು ಜಿಲ್ಲೆಯ ಹಾಲು ಒಕ್ಕೂಟವಾದ ಮನ್‌ಮುಲ್ ಸೇರಿ ಕಟ್ಟಿದರೆ ಅದರ ಖರ್ಚು ಉಳಿದ ಹಸುಗಳ ಹಾಲಿನಲ್ಲೇ ಹುಟ್ಟುತ್ತದೆ ಎಂಬುದು ನನ್ನ ಲೆಕ್ಕ.

ಬಾರದಂತೆ ನೋಡಿಕೊಳ್ಳುವುದು ಕರು ಹಾಕುವ ಮೂರು ವಾರ ಮೊದಲೇ ಶುರುವಾಗಬೇಕು. ಗಬ್ಬದ ಹಸುವನ್ನು ಕೊಬ್ಬಿಸಬಾರದು. ಆ ಮೂರು ವಾರದಲ್ಲಿ ಫೀಡನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಎರಡು ಮೂರು ಕಿಲೋಗೆ ತಂದರೆ ಸಾಕು. ಆಗ ಕ್ಯಾಲ್ಸಿಯಂ ಬಾಟ್ಲಿ ಕುಡಿಸುವ ಚಟ ಬೇಡ. ಹೊರಗಿನಿಂದ ಧಾರಾಳ ಬಂದರೆ ಎಲುಬಿನಿಂದ ಕ್ಯಾಲ್ಸಿಯಂ ತೆಗೆಯುವ ಮೈಯ ಅಭ್ಯಾಸವೇ ಮಂಕಾಗುತ್ತದೆ. ಕೊಡಬೇಕಾದ್ದು ಕರು ಹಾಕಿದ ದಿನ. ಅವತ್ತೇ ಉಗುರುಬೆಚ್ಚಗಿನ ನೀರನ್ನು ಕುಡಿಯುವಷ್ಟೂ ಇಡಿ, ಖಾಲಿಯಾದ ಹೊಟ್ಟೆಗೆ ಅದೊಂದು ಭಾರ. ಫೀಡಿಗೆ ಮೊದಲು ಒಣಮೇವು. ಸಿಗುವುದಾದರೆ ಭತ್ತದ ಹುಲ್ಲಿಗಿಂತ ರಾಗಿಹುಲ್ಲು ಲೇಸು, ಅದರಲ್ಲಿ ಕ್ಯಾಲ್ಸಿಯಂ ಹೆಚ್ಚು. ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ಎಂಬ ರಾಗಿ ತಳಿಗಳನ್ನು ಕೊಟ್ಟ ವಿ.ಸಿ. ಫಾರಂ ಇರುವ ಜಿಲ್ಲೆಯಲ್ಲಿ ರಾಗಿಹುಲ್ಲಿನ ಬಣವೆ ಹುಡುಕಿಕೊಂಡು ಮಳವಳ್ಳಿಯ ಬೆದ್ದಲು ಕಡೆಗೆ ಹೋಗಬೇಕಾಗಿದೆ, ಅದು ಬೇರೆ ಮಾತು. ದಿನವೂ ಒಂದಿಷ್ಟು ಹೊತ್ತು ಬಿಚ್ಚಿ ಅಡ್ಡಾಡಿಸಿ.

ಕರು ಹಾಕಿದ ತಿಂಗಳೊಳಗೆ ಹಸು ಫೀಡು ಬಿಟ್ಟರೆ ಮಾರನೆಯ ದಿನಕ್ಕೆ ಕಾಯದೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾಲಯದ ಗಾಡಿ ಬರುತ್ತದೆ. ಇಲ್ಲವೇ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಕರು ಹಾಕಿದ ತಾರೀಖು, ಹಾಲು ಯಾವತ್ತಿನಿಂದ ಇಳಿಯಿತು, ಈವರೆಗೆ ಏನೇನು ಕುಡಿಸಿದ್ದೀರಿ ಎಲ್ಲವನ್ನೂ ಮುಚ್ಚಿಡದೆ ಹೇಳಿ. ಎರಡೂ ಪಕ್ಕೆ ಬಡಿದು ನೋಡುವಂತೆ ಕೇಳುವುದಕ್ಕೆ ಸಂಕೋಚ ಬೇಡ. ಅವರು ಬರುವವರೆಗೆ ಸೋಡಾ ಡಬ್ಬ ಅಡುಗೆಮನೆಯಲ್ಲೇ ಇರಲಿ.